ಲೋಹವಾಗುತ್ತಿರುವ ಬಿಲ್ಲೆ

ನಡುರಾತ್ರಿ ಅವ್ವನ ಎದೆಯ ಮೇಲೆ ಕೂರಿಸಿದ ಬಿಲ್ಲೆ ಟಿಕ್ಕೆಂದಿತು. ಒಂದು ಬಡಿತ ತಪ್ಪಿತ್ತು. ಎಲ್ಲ ಮುದುಕರಂತೆ ಅವಳ ಹೃದಯವೂ ನಡೆಯುವುದು ಮೈಬಿಸಿಯಿಂದ ಬಿಲ್ಲೆ ಹುಟ್ಟಿಸುವ ಕರೆಂಟಿನಿಂದ. ಬಿಲ್ಲೆಯ ಅರೆವಾಹಕ ಹಳತಾಗಿ ಲೋಹದಂತಾಗುತ್ತ ಹೋದಂತೆ ಅದು ಕರೆಂಟನ್ನು ಸಲೀಸಾಗಿ ಹರಿಯಬಿಡುತ್ತದೆ, ಹುಟ್ಟಿಸುವುದು ಮಾತ್ರ ಕಡಿಮೆಯಾಗುತ್ತದೆ. ಅಂಥವರನ್ನು ಒಯ್ದು ಆಸ್ಪತ್ರೆಯ ಗೋಡೆಯ ತಂತಿಗೆ ಜೋಡಿಸುತ್ತಾರೆ. ಅವರು ಮನೆಗೆ ಮರಳುವುದಿಲ್ಲ.

ಬೆಳಿಗ್ಗೆ ಆಸ್ಪತ್ರೆಯಿಂದ ತಪಾಸಣೆಗೆ ಬಂದ ಸಿದ್ರಾಮ ಬಿಲ್ಲೆಗೆ ಮೀಟರು ಹಿಡಿದ. “ಕರೆಂಟ್ ನೀರಿನ್ಹಂಗ ಹರಿಲಿಕತ್ತದ! ಆಯೀ, ನೀ ಇನ್ನಾ ಹರೇದಾಕಿ.”

“ಹಂಗಾದ್ರ ಒಂದು ವರ ನೋಡಪಾ,” ಎಂದಳು ಅವ್ವ.

ಅವನು ಅಳೆದದ್ದು ಹರಿವನ್ನಷ್ಟೇ, ಎಷ್ಟು ಹುಟ್ಟುತ್ತಿದೆ ಎಂಬುದನ್ನಲ್ಲ. ಅವನು ಹೋದೊಡನೆ ನಾನು ಒದ್ದೆ ಬಟ್ಟೆ ಹಾಕಿ ಬಿಲ್ಲೆಯ ಹೊರಮೈ ತಣಿಸಿದೆ. ಹೊರಗೆ ತಂಪು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಹುಟ್ಟುತ್ತದೆ.

“ಇದ್ಯಾಕ?”

“ಝಳ ಭಾಳ ಅದ, ಅವ್ವಾ.”

ಹಗಲೂ ರಾತ್ರಿ ಬಟ್ಟೆ ಬದಲಿಸುತ್ತೇನೆ. ಸಿದ್ರಾಮನಿಗಾಗಲಿ ಅವ್ವನಿಗಾಗಲಿ, ಯಾರಿಗೂ ಹೇಳುವುದಿಲ್ಲ.