ಕಣ್ಣು ಅರ್ಧ ಮುಚ್ಚಿ ನೋಡಿದ ಬೆಟ್ಟ

ಚಿತ್ರಕಲೆಯ ಬಗ್ಗೆ ಮಾತಾಡುವಷ್ಟು ತಿಳಿದವರಲ್ಲ ನಾವು... ಆದರೂ ಹೇಳದೆ ಇರಲಾಗಲಿಲ್ಲ. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.

ಮಧುಗಿರಿಯಲ್ಲಿ ಪುಟ್ಟರುದ್ರಯ್ಯ ಅಂತ ಒಬ್ಬ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಜೀವನಪೂರ್ತಿ ಬರೆದದ್ದು ಒಂದೇ ಚಿತ್ರ... ಮನೆ ಎದುರಿನ ಏಕಶಿಲಾ ಬೆಟ್ಟ.

ಕೋಟೆಯ ಗೋಡೆ, ಮೆಟ್ಟಿಲು, ಬಂಡೆಯ ಒಂದೊಂದು ಬಿರುಕು... ಯಾವುದನ್ನೂ ಬಿಡುತ್ತಿರಲಿಲ್ಲ.

"ಥೇಟ್ ಫೋಟೋ ಇದ್ದಂಗೈತೆ ಮೇಷ್ಟ್ರೇ!" ಅಂತ ಊರೆಲ್ಲ ಹೊಗಳುತ್ತಿತ್ತು.

ಹೆಂಡತಿ ಸರ್ವಮಂಗಳಮ್ಮ ಮಾತ್ರ "ಹ್ಞೂಂ, ಚೆನ್ನಾಗೈತೆ" ಅಂದು ರೊಟ್ಟಿ ತಟ್ಟಲು ಹೋಗಿಬಿಡುತ್ತಿದ್ದರು.

ಅದೇ ಸರ್ವಮಂಗಳಮ್ಮ, ದಿನಾ ಬೆಳಗ್ಗೆ ಬೆಟ್ಟದ ತಲೆಗೆ ಮೊದಲ ಬಿಸಿಲು ಬಿದ್ದಾಗ ಜಗುಲಿಯಲ್ಲಿ ನಿಂತು ಭಕ್ತಿಯಿಂದ ತಲೆ ಮೇಲೆ ಸೆರಗು ಹೊದ್ದುಕೊಳ್ಳುತ್ತಿದ್ದರು.

ತನ್ನ ಚಿತ್ರದ ಮುಂದೆ ಒಮ್ಮೆಯಾದರೂ ಆ ಸೆರಗು ತಲೆಗೇರಬೇಕು... ಮೇಷ್ಟ್ರಿಗೆ ಇದ್ದ ಆಸೆ ಅದೊಂದೇ.

ಅಷ್ಟರಲ್ಲಿ ಕಣ್ಣು ಮಂಜಾಯಿತು. "ನರ ಸೋತಿದೆ, ಹೋದ ದೃಷ್ಟಿ ವಾಪಸ್ ಬರಲ್ಲ" ಅಂದರು ಡಾಕ್ಟರು.

ಮೇಷ್ಟ್ರು ಬ್ರಷ್‌ಗಳನ್ನೆಲ್ಲ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು.

"ಯಾರಿಗಾದ್ರೂ ಕೊಟ್ಬಿಡೇ. ಮೆಟ್ಟಿಲೂ ಕಾಣಲ್ಲ, ಬಿರುಕೂ ಕಾಣಲ್ಲ. ಬರೀ ಬೆಳಕು, ಕತ್ತಲೆ..."

ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟರು.

"ಇದೇ ಜಗುಲಿ ಮೇಲೆ ಮಕ್ಕಳನ್ನ ಕೂರಿಸ್ಕಂಡು, 'ಕಣ್ಣು ಅರ್ಧ ಮುಚ್ಕಂಡು ನೋಡ್ರೋ, ಆಗ್ಲೇ ಬೆಳಕು ಸಿಗೋದು' ಅಂತ ಬಡ್ಕಂತಿದ್ರಲ್ಲ... ನೀವು ಒಂದಿನಾನಾದ್ರೂ ಮುಚ್ಚಿದ್ರಾ?"



ಮರುದಿನ ನಸುಕಿನಲ್ಲೇ ಮೇಷ್ಟ್ರು ಗಂಟು ಬಿಚ್ಚಿದರು. ಇದ್ದುದರಲ್ಲೇ ದಪ್ಪ ಬ್ರಷ್ ಹಿಡಿದರು.

ಕಪ್ಪಗೆ ಎದ್ದು ನಿಂತ ಒಂದು ಬೆಟ್ಟ... ಅದರ ಸೊಂಟಕ್ಕೆ ಮೋಡ... ತುದಿಯಲ್ಲಿ ಬಣ್ಣ ಮುಟ್ಟಿಸದೆ ಬಿಟ್ಟ ಬಿಳಿ ಹಾಳೆ. ಅದೇ ಬಿಸಿಲು.

ಬೆನ್ನ ಹಿಂದೆ ಹೆಂಡತಿ ಬಂದು ನಿಂತದ್ದು ತಿಳಿಯಿತು. 'ಮೆಟ್ಟಿಲೆಲ್ಲಿ?' ಅಂತ ಕೇಳುತ್ತಾಳೆ ಅಂದುಕೊಂಡರು.

ಸದ್ದೇ ಇಲ್ಲ...

ತಿರುಗಿದರು. ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಕೈ ಮೇಲೆದ್ದು, ಸೆರಗು ತಲೆಗೇರಿದ್ದು ಕಂಡಿತು.

"ರೀ... ಭಯ ಆಗ್ತೈತೆ ಕಣ್ರೀ" ಅಂದರು ಸರ್ವಮಂಗಳಮ್ಮ. "ಗುಡಿ ಬಾಗಿಲು ತೆಗೆದಾಗ ಆಗುತ್ತಲ್ಲ... ಅಂಥ ಭಯ."

ಮೇಷ್ಟ್ರು ಮಗುವಿನ ಹಾಗೆ ಅತ್ತುಬಿಟ್ಟರು.

*ಬಿರುಕನ್ನೇ ಹುಡುಕುವ ಕಣ್ಣಿಗೆ ಬೆಟ್ಟ ಕಾಣುವುದಿಲ್ಲ.*

ನಿಮ್ಮ ಮನೆಯವರಲ್ಲಿ, ಸ್ನೇಹಿತರಲ್ಲಿ... ನೀವು ನೋಡುತ್ತಿರುವುದು ಬಿರುಕನ್ನೋ, ಬೆಳಕನ್ನೋ?

ಆಮೇಲೆ ಮೇಷ್ಟ್ರು ಎಷ್ಟು ಚಿತ್ರ ಬರೆದರು, ಆ ಮಂದ ಬೆಳಕು ಅವರಿಗೆ ಎಲ್ಲಿಯವರೆಗೆ ಉಳಿಯಿತು... ಅದು ಮಾತ್ರ ಗೊತ್ತಿಲ್ಲ.