ಮಣಿಕಟ್ಟಿನ ಗುಂಡಿ

"ತೋಳ ಮಡಚ್ರಿ ದೇವಿಂದ್ರ, ನಿಮ್ಮನ್ನ ನೋಡಿದ್ರ ನಮಗ ಬೆವರು ಬರ್ಲಿಕತ್ತದ," ಅಂತ ಹೆಡ್‌ಕ್ಲರ್ಕ್ ಶರಣಗೌಡರು ಊಟದ ಡಬ್ಬಿ ಬಿಚ್ಚುತ್ತ ನಕ್ಕರು. ದೇವಿಂದ್ರ ಕೈಯನ್ನು ಮೇಜಿನ ಕೆಳಗೆ ಸರಿಸಿದ.

ವಾಡಿ ಊರಿನ ಬಿಸಿಲಿಗೆ ಆಫೀಸಿನವರೆಲ್ಲ ಅಂಗಿ ತೋಳು ಏರಿಸಿದ್ದರೂ ಅವನು ಕೆಲಸಕ್ಕೆ ಸೇರಿದಾಗಿನಿಂದ ಮಣಿಕಟ್ಟಿನ ಗುಂಡಿ ಬಿಚ್ಚಿರಲಿಲ್ಲ. ಒಳಗೆ ಮುಂಗೈ ಮೇಲೆ 'ಜೈಭೀಮ್' ಎಂಬ ನೀಲಿ ಹಚ್ಚೆ ಇತ್ತು. ಮೊನ್ನೆ ರೊಟ್ಟಿ ಕೊಡುತ್ತ ಗೌಡರು, "ನೀವು ನಮ್ಮ ಮಂದಿನೇ ಹೌದಲ್ರಿ?" ಎಂದಾಗ ಹೆದರಿ ಹೂಂ ಅಂದುಬಿಟ್ಟಿದ್ದ.

"ತಗೋರಿ," ಎಂದು ಗೌಡರು ಇವತ್ತೂ ಡಬ್ಬಿ ಸರಿಸಿದರು.

ಎಷ್ಟು ದಿನ ಹಿಂಗ ಬೇಯೋದು? ದೇವಿಂದ್ರ ಗುಂಡಿ ಬಿಚ್ಚಿ, ತೋಳನ್ನು ಮೊಣಕೈತನಕ ಮಡಚಿದ. ಫ್ಯಾನಿನ ಗಾಳಿ ಹಚ್ಚೆಗೆ ತಣ್ಣಗೆ ತಾಗಿತು. ಗೌಡರ ನಗು ಅಲ್ಲೇ ನಿಂತಿತು. ದೇವಿಂದ್ರ ಅದೇ ಕೈಯನ್ನು ರೊಟ್ಟಿಗೆ ಚಾಚಿದ.