ಚಿಂದಿ ಬುಟ್ಟಿಯ ಬಾಡಿಗೆದಾರ

ಓನರಮ್ಮ ಎರಡು ಬೆರಳಲ್ಲಿ ಎತ್ತಿ ಹಿಡಿದದ್ದು ಒಂದೇ ಒಂದು ಕೂದಲು. ಮಿಷನ್ನಿನ ಮುಂದೆ ಕೂತಿದ್ದ ಟೈಲರಮ್ಮ ಪಕ್ಕದ ಬುಟ್ಟಿಯನ್ನು ಕಾಲಲ್ಲೇ ಹಿಂದಕ್ಕೆ ಸರಿಸಿದಳು.

"ಮೆಟ್ಟಿಲ ಮೇಲೆ ಸಿಕ್ತು. ಏನಮ್ಮಾ ಇದು?"

"ಯಾವುದೋ ದಾರ ಇರ್ಬೇಕಮ್ಮಾ."

"ದಾರಾನಾ? ನಾಯಿ ಕೂದಲು ಕಣೇ ಇದು." ಓನರಮ್ಮ ಸೀದಾ ಒಳಗೆ ಬಂದು, ಕುರ್ಚಿಯನ್ನು ಫ್ಯಾನಿನ ಕೆಳಗೇ ಎಳೆದು ಕೂತರು. ಹೆಗಲಿನ ದೊಡ್ಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಅಬ್ಬಾ, ಏನು ಸೆಖೆ!" ಎನ್ನುತ್ತ ಅದರ ಜಿಪ್ಪನ್ನು ಅರ್ಧ ತೆರೆದರು.

ಬಾಡಿಗೆ ಕರಾರಿನ ಏಳನೇ ಸಾಲಿಗೆ ಓನರಮ್ಮನ ಯಜಮಾನರು ತಾವೇ ಕೆಂಪು ಗೆರೆ ಎಳೆದಿದ್ದರು: ಪ್ರಾಣಿ ಸಾಕುವಂತಿಲ್ಲ, ಸಾಕಿದರೆ ವಾರದೊಳಗೆ ಮನೆ ಖಾಲಿ. ಮನೆಯೇ ಟೈಲರಮ್ಮನ ಅಂಗಡಿ. ಆರು ವರ್ಷದಿಂದ ಬರುವ ಗಿರಾಕಿಗಳೂ ಅದರ ಜೊತೆಗೇ ಹೋದ ಹಾಗೆ. ಮನೆ ಉಳಿಸಿಕೊಳ್ಳೋಣವೆಂದರೆ ಹತ್ತಿಯನ್ನು ಯಾರ ಕೈಗೆ ಕೊಡುವುದು? ಹತ್ತಿ ಅವಳ ಪುಟ್ಟ ಬಿಳಿ ನಾಯಿ. ಈಗ ಹೊಲಿಗೆ ಮಿಷನ್ನಿನ ಪಕ್ಕ, ಚಿಂದಿ ಬುಟ್ಟಿಯಲ್ಲಿ, ತುಂಡು ಬಟ್ಟೆಗಳಡಿ ಮಲಗಿತ್ತು.

ಗುಟ್ಟಾಗಿ ಸಾಕಲೆಂದೇ ದೇವರು ಮಾಡಿದ ಜಾತಿ ಅದು. ದಿಂಬಿಗಿಂತ ಚಿಕ್ಕದು. ಬೊಗಳುವುದಕ್ಕೂ ಸೋಮಾರಿ, ಮಡಿಲೊಂದು ಸಿಕ್ಕರೆ ಸಾಕು. ಆದರೆ ಮೂಗು ಚಪ್ಪಟೆ. ಸೆಖೆ ತಡೆಯದು, ಮಲಗಿದರೆ ಗೊರಕೆ.

ಬುಟ್ಟಿಯೊಳಗೆ ಗೊರ್ರೆಂದಿತು. ಟೈಲರಮ್ಮ ಥಟ್ಟನೆ ಮಿಷನ್ ತುಳಿದಳು. ಅವಳು ಕಾಲು ತೆಗೆದಳೋ ಇಲ್ಲವೋ, ಓನರಮ್ಮನಿಗೆ ಜೋರು ಕೆಮ್ಮು ಬಂತು.

"ಸೂಜೀಲಿ ದಾರಾನೇ ಇಲ್ವಲ್ಲೇ?"

"ಎಣ್ಣೆ ಬಿಟ್ಟಿದ್ದೀನಮ್ಮಾ, ಸುಮ್ನೆ ಓಡಿಸ್ತಿದ್ದೀನಿ."

"ಹೂಂ. ಮಾತಿಗೆ ಕೇಳ್ತೀನಿ. ನಾಯಿ ಇಟ್ಕೊಂಡೋರು ಯಾರಿಗೂ ಗೊತ್ತಾಗದ ಹಾಗೆ ಹೇಗೆ ನಿಭಾಯಿಸ್ತಾರೆ? ಅದರ ಕಣ್ಣಲ್ಲಿ ನೀರು ಸುರೀತಾ ಇದ್ರೆ ಏನ್ಮಾಡ್ತಾರೆ?"

ಬಾಯಿ ಬಿಡಿಸುವುದಕ್ಕೇ ಬಂದಿದ್ದಾರೆ, ಅನುಮಾನವೇ ಇಲ್ಲ. "ನಂಗೇನು ಗೊತ್ತಮ್ಮಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಬಾರದೆಂದು ಅವಳು ಬುಟ್ಟಿಯ ಕಡೆ ತಿರುಗಲೇ ಇಲ್ಲ. ಒಳಗೆ ಕೂಸು ಬೆಂದುಹೋಗುತ್ತಿದೆ, ಈ ಮಹಾತಾಯಿ ಏಳುವ ಹಾಗೆ ಕಾಣುವುದಿಲ್ಲ!

"ಯಜಮಾನ್ರ ಕಣ್ಣಿಗೆ ಬಿದ್ರೆ ಮುಗೀತು ಕಥೆ," ಓನರಮ್ಮ ಕೂದಲನ್ನು ಬೆಳಕಿಗೆ ಹಿಡಿದರು. "ಈ ಪುಟ್ಟ ನಾಯಿಗಳೆಲ್ಲ ಹೀಗೇ ಉದುರಿಸ್ತಾವೇನೋ. ಎಷ್ಟು ಬಾಚಿದ್ರೂ ಅಷ್ಟೇ."

ಅದೊಂದು ಮಾತನ್ನು ಟೈಲರಮ್ಮ ತಡೆದುಕೊಳ್ಳಲಾರದೆ ಹೋದಳು. ದಿನಾ ಬೆಳಿಗ್ಗೆ ಕೂತು ಗಂಟುಗಂಟು ಬಿಡಿಸಿ ಬಾಚುವ ಕೈ ಅವಳದು.

"ಯಾರಮ್ಮಾ ಹಾಗಂದಿದ್ದು? ನಮ್ಮ ಹತ್ತೀದು ಉದುರೋ ಜಾತೀನೇ ಅಲ್ಲ! ಬಿಳೀ ನಾಯಿಗೆ ಕಂದು ಕೂದಲು ಎಲ್ಲಿಂದ ಬರುತ್ತೆ?"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬುಟ್ಟಿಯಿಂದ ಬಿಳಿ ತಲೆಯೊಂದು ಮೇಲೆದ್ದು ಆಕಳಿಸಿತು.

ಟೈಲರಮ್ಮನ ಕಣ್ಣು ತುಂಬಿತು. "ಅಮ್ಮಾ, ಕೈ ಮುಗೀತೀನಿ. ಯಜಮಾನ್ರಿಗೆ ಹೇಳ್ಬೇಡಿ."

ಓನರಮ್ಮ ಚೀಲವನ್ನು ಎದೆಗವಚಿಕೊಂಡೇ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು. ಮತ್ತೆ ಕೂತು ಜಿಪ್ಪನ್ನು ಪೂರ್ತಿ ಎಳೆದರು. ಎರಡು ಕಂದು ಕಿವಿಗಳು ನಿಧಾನಕ್ಕೆ ಮೇಲೆ ಬಂದವು.

"ಹೇಳೋದು ಹಾಗಿರ್ಲಿ, ನಿನ್ನ ಹತ್ತೀನ ಬುಟ್ಟೀಲಿ ಸ್ವಲ್ಪ ಸರಿಸಮ್ಮ, ಹದಿನೈದು ದಿನದಿಂದ ಇವಳನ್ನ ಅವರ ಕಣ್ಣು ತಪ್ಪಿಸಿ ಬೀರುವಲ್ಲಿ ಬಚ್ಚಿಟ್ಟು ನಂಗೆ ಸಾಕಾಗಿಹೋಗಿದೆ."